ದಾದಿಗೆ ಜ್ವರ ಬಂದರೆ ರೋಗಿಯ ಗತಿಯೇನು?

(ಕಾರ್ಮಿಕರ ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಮಿಲ್ಲಿನ ಸಂಬಳ, ಬೋನಸ್ಸು, ಅಂಗಡಿಯ ತೆರಿಗೆ ಇವನ್ನೆಲ್ಲ ಬಿಟ್ಟು ಆಸ್ಪತ್ರೆಯ ದಾದಿಯರ ಮಾತನ್ನು ಇಲ್ಲಿ ಏಕೆ ಎತ್ತಿದಿರಿ ಎಂದು ತಾವು ಕೇಳಬಹುದು. ಕಾರಣ ಸರಳವಾದುದು. ನಾವು ಕಾಯಿಲೆ ಬಿದ್ದಾಗ ವೈದ್ಯರು ನಮ್ಮ ಹಾಸಿಗೆಯ ಬಳಿ ನಿಲ್ಲುವುದು ಐದು ನಿಮಿಷ. ಉಳಿದ ಹಗಲು ರಾತ್ರಿಯೆಲ್ಲ ನಮ್ಮ ಜೀವವಿರುವುದು ದಾದಿಯ ಕೈಯಲ್ಲಿ. ಆ ಕೈಯೇ ಜ್ವರದಿಂದ ನಡುಗುತ್ತಿದ್ದರೆ?

ಇದು ಕಲ್ಪನೆಯ ಮಾತಲ್ಲ. ಅಮೆರಿಕದ ಫಿಲಡೆಲ್ಫಿಯಾ ಮಕ್ಕಳ ಆಸ್ಪತ್ರೆಯಲ್ಲಿ ವೈದ್ಯರು, ಹಿರಿಯ ದರ್ಜೆಯ ದಾದಿಯರು ಮೊದಲಾದ 536 ಮಂದಿಯನ್ನು ವಿಚಾರಿಸಿದ ಸಮೀಕ್ಷೆಯೊಂದು 2015ರಲ್ಲಿ ಪ್ರಕಟವಾಯಿತು. ಕಾಯಿಲೆಯಿಟ್ಟುಕೊಂಡು ಕೆಲಸಕ್ಕೆ ಬಂದರೆ ರೋಗಿಗಳಿಗೆ ಅಪಾಯವೆಂದು ನೂರಕ್ಕೆ 95 ಮಂದಿ ಒಪ್ಪಿದರು. ಆದರೂ ಹಿಂದಿನ ಒಂದು ವರ್ಷದಲ್ಲಿ ಒಮ್ಮೆಯಾದರೂ ಹಾಗೆ ಬಂದಿದ್ದೇವೆಂದು ನೂರಕ್ಕೆ 83 ಮಂದಿ ಹೇಳಿದರು. ಏಕೆ ಬಂದಿರಿ? ಜೊತೆಗಾರರ ಮೇಲೆ ಹೊರೆ ಬೀಳುತ್ತದೆ, ಬದಲಿಗೆ ಜನವಿಲ್ಲ, ರೋಗಿಗಳನ್ನು ಕೈಬಿಡಲಾಗದು ಎಂದರು. ತಿಳಿವಳಿಕೆಗೆ ಕೊರತೆಯಿರಲಿಲ್ಲ; ಕೊರತೆಯಿದ್ದುದು ಜನಕ್ಕೆ.

ಇದರಿಂದಾಗುವ ಹಾನಿ ಎರಡು ಬಗೆ. ಮೊದಲನೆಯದು ಸೋಂಕು. ಫ್ಲೂ ಜ್ವರ ಲಕ್ಷಣ ಕಾಣುವ ಹಿಂದಿನ ದಿನದಿಂದ ಆಮೇಲೆ ಐದಾರು ದಿನದವರೆಗೂ ಇನ್ನೊಬ್ಬರಿಗೆ ಹತ್ತಬಲ್ಲುದು. ಗಟ್ಟಿಮುಟ್ಟಾದವನಿಗೆ ಅದು ನಾಲ್ಕು ದಿನದ ಮೈಕೈನೋವು. ಬಾಣಂತಿಯ ಮಗ್ಗುಲಿನ ಹಸುಗೂಸಿಗೆ, ಎಪ್ಪತ್ತು ದಾಟಿದ ಮುದುಕರಿಗೆ ಅದೇ ಪ್ರಾಣಾಂತಿಕವಾಗಬಹುದು. ಎರಡನೆಯದು ತಪ್ಪು. 2012ರಲ್ಲಿ ಅಮೆರಿಕದ ಉತ್ತರ ಕೆರೊಲಿನಾದ ಸಾವಿರಕ್ಕೂ ಹೆಚ್ಚು ದಾದಿಯರ ಬಗ್ಗೆ ಪ್ರಕಟವಾದ ಅಧ್ಯಯನದಲ್ಲಿ, ನೋವು ಅಥವಾ ಮನೋವ್ಯಥೆಯಿಟ್ಟುಕೊಂಡೇ ದುಡಿಯುವವರಲ್ಲಿ ಔಷಧಿಯ ತಪ್ಪುಗಳೂ ರೋಗಿಗಳು ಬೀಳುವುದೂ ಹೆಚ್ಚೆಂದು ಕಂಡುಬಂತು. ಬೆನ್ನುನೋವಿನ ದಾದಿ ಜಾರುವ ರೋಗಿಯನ್ನು ಹೇಗೆ ಹಿಡಿದಾಳು? ಮಗ್ಗದ ಮುಂದೆ ನಿಂತವನಿಗೆ ಜ್ವರ ಬಂದರೆ ನೂಲು ಹರಿದೀತು, ಬಟ್ಟೆ ಕೆಟ್ಟೀತು. ವಾರ್ಡಿನಲ್ಲಿ ಕೆಡುವುದು ಬಟ್ಟೆಯಲ್ಲ.

ಹಾಗಾದರೆ ರಜಾ ಹಾಕಿ ಮನೆಯಲ್ಲಿ ಮಲಗಬಾರದೇ? ಅಂಗಡಿಕಾರ ಬಂಧುಗಳಿಗೆ ಉತ್ತರ ಗೊತ್ತು: ಬಾಗಿಲು ಹಾಕಿದ ದಿನ ವ್ಯಾಪಾರವಿಲ್ಲ. ಗುತ್ತಿಗೆಯ ಮೇಲೆ ದುಡಿಯುವ ಎಷ್ಟೋ ದಾದಿಯರ ಪಾಡೂ ಅದೇ. ಮಿಲ್ ಕಾರ್ಮಿಕರಿಗೆ ಇ.ಎಸ್.ಐ. ಚೀಟಿಯ ಪರಿಚಯವುಂಟು. ಕಾಯಿಲೆಯಲ್ಲಿ ಸಂಬಳದ ನೂರಕ್ಕೆ 70 ಪಾಲು ಭತ್ಯೆ ಕೊಡುವ ಆ ಏರ್ಪಾಡು ಒಳ್ಳೆಯದೇ. ಆದರೆ ಹೊಸದಾಗಿ ಬಿದ್ದ ಕಾಯಿಲೆಯ ಮೊದಲ ಎರಡು ದಿನಕ್ಕೆ ಭತ್ಯೆಯಿಲ್ಲವೆಂದು 1948ರ ಕಾಯಿದೆಯಲ್ಲಿಯೇ ಬರೆದಿಟ್ಟರು. ವಾಂತಿಭೇದಿಯ ಸೋಂಕು ತಗುಲಿದ ಆಸ್ಪತ್ರೆಯ ನೌಕರರು, ಅದು ನಿಂತ ಮೇಲೂ ಎರಡು ದಿನ ರೋಗಿಗಳ ಹತ್ತಿರ ಸುಳಿಯಬಾರದೆಂಬುದು ವೈದ್ಯಶಾಸ್ತ್ರದ ನಿಯಮ. ಎರಡು ಮೂರು ದಿನದ ಸಣ್ಣ ಕಾಯಿಲೆಯೇ ಹೆಚ್ಚಾಗಿ ಹರಡುವಂಥದು, ಅದಕ್ಕೇ ಕಾಸಿಲ್ಲ!

ಸಂಬಳವನ್ನು ನೋಡೋಣ. ಸುಪ್ರೀಂ ಕೋರ್ಟಿನ ಆದೇಶದ ಮೇಲೆ ಕೇಂದ್ರ ಸರ್ಕಾರ ನೇಮಿಸಿದ ಸಮಿತಿ 2016ರಲ್ಲಿ, ಚಿಕ್ಕ ಖಾಸಗಿ ಆಸ್ಪತ್ರೆಯಲ್ಲಿಯೂ ದಾದಿಯ ಸಂಬಳ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆಯಿರಬಾರದೆಂದು ಹೇಳಿತು. ಶಿಫಾರಸೆಂದರೆ ಕಾನೂನಲ್ಲ. ಕೇರಳದಲ್ಲಿ ದಾದಿಯರು ಸಂಘ ಕಟ್ಟಿ ಬೀದಿಗಿಳಿದ ಮೇಲೆಯೇ, 2018ರಲ್ಲಿ, ಅಲ್ಲಿನ ಸರ್ಕಾರ ಆ ಮೊತ್ತವನ್ನು ಕನಿಷ್ಠ ವೇತನವೆಂದು ಗೊತ್ತುಪಡಿಸಿತು.

ಮುಖ್ಯವಾದ ಮಾತು ಜನರ ಸಂಖ್ಯೆಯದು. ಸಾಧಾರಣ ಆಸ್ಪತ್ರೆಯಲ್ಲಿ ಐದು ಹಾಸಿಗೆಗೆ ಒಬ್ಬ ದಾದಿ, ಅದರ ಮೇಲೆ ರಜೆಗೆಂದು ನೂರಕ್ಕೆ 30 ಹೆಚ್ಚು ಜನ, ಎಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ನೂರು ಮಂದಿ ಬೇಕಾದಲ್ಲಿ ನೂರಮೂವತ್ತು ಮಂದಿಯನ್ನು ನೇಮಿಸಿದರೆ ಮಾತ್ರ, ಒಬ್ಬಳಿಗೆ ಜ್ವರ ಬಂದಾಗ ಇನ್ನೊಬ್ಬಳು ನಿಂತಾಳು. ಆ ಮೂವತ್ತನ್ನು ಉಳಿಸಿದ ಮಾಲೀಕನೂ ಸರ್ಕಾರವೂ ಉಳಿತಾಯ ಮಾಡಿಲ್ಲ. ಖರ್ಚನ್ನು ರೋಗಿಯ ಮೈಮೇಲೆ ಬರೆದಿವೆ. ದಾದಿಯರಿಗೆ ರಜಾ ಕೊಟ್ಟರೆ ಆಸ್ಪತ್ರೆಯ ಬಿಲ್ಲು ಏರುತ್ತದೆಂದು ಹೆದರಿಸುವವರಿಗೆ ನಾವು ಕೇಳುತ್ತೇವೆ: ಆಸ್ಪತ್ರೆಯಲ್ಲೇ ಹತ್ತಿದ ಸೋಂಕಿನಿಂದ ನಾಲ್ಕು ದಿನ ಹೆಚ್ಚು ಮಲಗಿದರೆ ಆ ಬಿಲ್ಲನ್ನು ಕಟ್ಟುವವರು ಯಾರು?

2020ರ ಮಾರ್ಚ್ 22ರಂದು ನಾವೆಲ್ಲ ಮನೆಯ ಮುಂದೆ ನಿಂತು ತಟ್ಟೆ ಬಡಿದೆವು, ಚಪ್ಪಾಳೆ ಹೊಡೆದೆವು. ದಾದಿಯನ್ನು ದೇವತೆಯೆಂದು ಕರೆಯುವುದು ಅಗ್ಗದ ಕೆಲಸ. ದೇವತೆಗೆ ಸಂಬಳವೂ ಬೇಡ, ಕಾಯಿಲೆಯೂ ಬರುವುದಿಲ್ಲ. ಆಕೆ ನಮ್ಮಂತೆಯೇ ಕೂಲಿಗೆ ದುಡಿಯುವ ಮನುಷ್ಯಳು.

ಆದ್ದರಿಂದ ನಮ್ಮ ಬೇಡಿಕೆ ಮೂರು. ಕಾಯಿಲೆಯ ಮೊದಲ ದಿನದಿಂದಲೇ ಪೂರ್ತಿ ಸಂಬಳದ ರಜಾ, ಗುತ್ತಿಗೆಯವರಿಗೂ ಸಹ. ಮಾನದಂಡದಂತೆ ನೇಮಕ, ರಜಾ ಬದಲಿಗೆ ಖಾಯಂ ಜನ. ಪ್ರತಿ ಪಾಳಿಯಲ್ಲಿ ಎಷ್ಟು ರೋಗಿಗಳಿಗೆ ಎಷ್ಟು ದಾದಿಯರೆಂದು ವಾರ್ಡಿನ ಬಾಗಿಲಲ್ಲಿ ಹಲಗೆ. ಇವು ದಾದಿಯರ ಬೇಡಿಕೆಗಳೆಂದು ತಿಳಿಯಬೇಡಿ. ನಾಳೆ ಆ ಹಾಸಿಗೆಯಲ್ಲಿ ಮಲಗುವವರು ನಾವು, ನಮ್ಮ ಮಕ್ಕಳು. ಅವರು ಆಸ್ಪತ್ರೆಯ ಬಾಗಿಲಲ್ಲಿ ಧರಣಿ ಕುಳಿತ ದಿನ ಮಿಲ್ಲಿನವರೂ ಪೇಟೆಯವರೂ ಅವರ ಪಕ್ಕದಲ್ಲಿ ಕುಳಿತಿರಬೇಕು.