ಮನೆಯ ಉಳಿತಾಯವೂ ದಾಸೋಹವೂ

(ಶ್ರಾವಣ ಮಾಸದಲ್ಲಿ ಬೆಂಗಳೂರಿನ ಜಯನಗರದಲ್ಲಿ ನೆರೆದ ಸದ್ಭಕ್ತರಿಗೆ ನೀಡಿದ ಆಶೀರ್ವಚನ)



ಶ್ರಾವಣದ ಈ ಸಂಜೆ ನಾವು ಷಟ್‌ಸ್ಥಲವನ್ನು ಕುರಿತು ಮಾತನಾಡುವೆವೆಂದು ನೀವು ನಿರೀಕ್ಷಿಸಿರಬಹುದು. ಆದರೆ ಇಂದು ಬೆಳಿಗ್ಗೆ ಪಾದಪೂಜೆಗೆಂದು ಹೋದ ಮನೆಯೊಂದರಲ್ಲಿ ಕಂಡ ಸಂಗತಿಯು ನಮ್ಮ ಮನಸ್ಸನ್ನು ಬೇರೆಡೆಗೆ ತಿರುಗಿಸಿತು. ಆದ್ದರಿಂದ ಈ ದಿನ ಅಡುಗೆಮನೆ, ಬಚ್ಚಲುಮನೆಗಳ ವಿಚಾರವನ್ನೇ ಹೇಳಬೇಕೆಂದಿದ್ದೇವೆ. ಧರ್ಮವು ಪೂಜೆಯ ಕೋಣೆಯಲ್ಲಿ ಮಾತ್ರ ಇರತಕ್ಕ ವಸ್ತುವಲ್ಲ. ನಲ್ಲಿಯ ಬಳಿಯಲ್ಲಿಯೂ ಒಲೆಯ ಬಳಿಯಲ್ಲಿಯೂ ಅದಕ್ಕೆ ಕೆಲಸವಿದೆ.

ಆ ಮನೆಯ ಬಾಗಿಲಿಗೆ ಸೊಪ್ಪು ಮಾರುವ ತಾಯಿಯೊಬ್ಬಳು ಬಂದಿದ್ದಳು. ಒಂದು ಕಟ್ಟಿಗೆ ಐದು ರೂಪಾಯಿ ಕಡಿಮೆ ಮಾಡಿಸುವುದಕ್ಕಾಗಿ ಮನೆಯವರು ಹತ್ತು ನಿಮಿಷ ಚೌಕಾಶಿ ಮಾಡಿದರು. ಆಕೆ ತಲೆಯ ಮೇಲಿನ ಬುಟ್ಟಿಯನ್ನು ಇಳಿಸಿ, ಬೆವರು ಒರೆಸಿಕೊಂಡು, ಕೊನೆಗೆ ಒಪ್ಪಿಕೊಂಡಳು. ಅದೇ ಹತ್ತು ನಿಮಿಷವೂ ಮಾಳಿಗೆಯ ಮೇಲಿನ ತೊಟ್ಟಿ ತುಂಬಿ, ನೀರು ಗೋಡೆಗುಂಟ ಹರಿದು ಚರಂಡಿಯನ್ನು ಸೇರುತ್ತಿತ್ತು. ಮೋಟಾರನ್ನು ನಿಲ್ಲಿಸುವ ನೆನಪು ಯಾರಿಗೂ ಬರಲಿಲ್ಲ. ಆ ಮನೆಯವರು ಈ ಸಭೆಯಲ್ಲಿಯೂ ಇರಬಹುದು. ಅವರು ನೊಂದುಕೊಳ್ಳಬೇಕಾಗಿಲ್ಲ. ಇಂತಹ ತಪ್ಪನ್ನು ನಮ್ಮ ಮಠವೂ ಮಾಡಿದೆ. ಅದನ್ನು ಮುಂದೆ ಹೇಳುತ್ತೇವೆ.

ಮಿತವ್ಯಯ ಬೇರೆ, ಕಾರ್ಪಣ್ಯ ಬೇರೆ. ಸಂಸ್ಕೃತದಲ್ಲಿ ಕೃಪಣ ಎಂಬ ಶಬ್ದಕ್ಕೆ ಜಿಪುಣ ಎಂಬ ಅರ್ಥವೂ ಇದೆ, ದೀನ ಎಂಬ ಅರ್ಥವೂ ಇದೆ. ಗಂಟು ಕಟ್ಟಿಟ್ಟವನನ್ನು ದೀನನೆಂದು ಕರೆಯುವುದೇಕೆ? ಅವನ ಬಳಿ ಎಷ್ಟಿದ್ದರೂ ಅವನಿಗೆ ಸಾಲದು; ಆದುದರಿಂದ ಅವನು ಬಡವನೇ. ಮಿತವ್ಯಯಿಯಾದರೋ ತನಗೆ ಎಷ್ಟು ಸಾಕು ಎಂಬುದನ್ನು ಬಲ್ಲವನು. ಇವೆರಡನ್ನೂ ಗುರುತಿಸುವುದಕ್ಕೆ ಎರಡು ಪ್ರಶ್ನೆಗಳು ಸಾಕು. ಉಳಿದ ಹಣವು ಯಾರ ಪಾಲಿನಿಂದ ಉಳಿಯಿತು? ಅದು ಯಾವುದಕ್ಕಾಗಿ ಉಳಿಯಿತು?

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಎಂಬ ಶರಣದಂಪತಿಗಳಿದ್ದರು. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರು. ಬೇರೆ ಗೃಹಿಣಿಯಾಗಿದ್ದರೆ ಸಂತೋಷಪಟ್ಟು ಡಬ್ಬಿಯಲ್ಲಿ ತುಂಬಿಡುತ್ತಿದ್ದಳು. ಲಕ್ಕಮ್ಮನವರು ಅದನ್ನು ಒಪ್ಪಲಿಲ್ಲ. ನಮಗೆ ಬೇಕಾದುದಕ್ಕಿಂತ ಹೆಚ್ಚಿನದು ನಮ್ಮದಲ್ಲವೆಂದು ತಿಳಿಸಿ, ಮಿಕ್ಕದ್ದನ್ನು ತಂದ ಸ್ಥಳದಲ್ಲಿಯೇ ಹಾಕಿ ಬರುವಂತೆ ಪತಿಗೆ ಹೇಳಿದರು. ಒಂದು ಕಾಳನ್ನೂ ಹಾಳುಮಾಡದ ಆ ಕೈಗಳು ಒಂದು ಕಾಳನ್ನೂ ಹೆಚ್ಚಾಗಿ ಇಟ್ಟುಕೊಳ್ಳಲಿಲ್ಲ. ಮನೆಯ ಲೆಕ್ಕವನ್ನು ಹೀಗೆ ಬರೆದವರು ಜಗತ್ತಿನಲ್ಲಿ ವಿರಳ.

ಈಗ ನಿಮ್ಮ ಮನೆಯ ಲೆಕ್ಕಕ್ಕೆ ಬರೋಣ. ಮೊದಲನೆಯದು ನೀರು. ಈ ಊರಿಗೆ ಕಾವೇರಿಯು ತಾನಾಗಿ ಹರಿದು ಬರುವುದಿಲ್ಲ. 1974ರಲ್ಲಿ ಆರಂಭವಾದ ಮೊದಲನೆಯ ಹಂತದಿಂದ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೆಯ ಹಂತದವರೆಗೂ ಆಕೆಯನ್ನು ಯಂತ್ರಗಳಿಂದಲೇ ಮೇಲಕ್ಕೆ ಎತ್ತಿ ತರಲಾಗುತ್ತಿದೆ. ಸುಮಾರು 100 ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಸುಮಾರು 500 ಮೀಟರ್ ಎತ್ತರವನ್ನು ಏರಿ ಆಕೆ ನಿಮ್ಮ ನಲ್ಲಿಗೆ ಬರುತ್ತಾಳೆ. ಬೆಟ್ಟವೇರಿ ಬಂದ ಅತಿಥಿಯನ್ನು ನೇರವಾಗಿ ಚರಂಡಿಗೆ ಕಳುಹಿಸಬಹುದೇ? 2024ರ ಬೇಸಿಗೆಯಲ್ಲಿ ಕೊಳವೆ ಬಾವಿಗಳು ಬತ್ತಿದಾಗ, ಕುಡಿಯುವ ನೀರಿನಿಂದ ವಾಹನ ತೊಳೆದವರಿಗೆ 5,000 ರೂಪಾಯಿ ದಂಡವೆಂದು ಜಲಮಂಡಳಿಯು ಆಜ್ಞೆ ಹೊರಡಿಸಬೇಕಾಯಿತು. ಟ್ಯಾಂಕರಿಗಾಗಿ ಕಾದ ಆ ದಿನಗಳನ್ನು ನೀವು ಮರೆತಿರಲಾರಿರಿ. ಮಳೆ ಬಂದೊಡನೆ ಪಾಠವನ್ನು ಮಾತ್ರ ಮರೆತಿದ್ದೇವೆ.

ಸೆಕೆಂಡಿಗೆ ಒಂದು ಹನಿ ತೊಟ್ಟಿಕ್ಕುವ ನಲ್ಲಿಯಿಂದ ದಿನಕ್ಕೆ 86,400 ಹನಿ ಬೀಳುತ್ತದೆ. ಸುಮಾರು 20 ಹನಿಗೆ ಒಂದು ಮಿಲಿಲೀಟರ್ ಎಂದರೂ ನಾಲ್ಕು ಲೀಟರಿಗೆ ಮೇಲಾಯಿತು. ಇಬ್ಬರು ದಿನವೆಲ್ಲ ಕುಡಿಯುವಷ್ಟು ನೀರು. ಅದನ್ನು ನಿಲ್ಲಿಸಲು ಬೇಕಾದುದು ಒಂದು ಚಿಕ್ಕ ವಾಷರು. ಅಕ್ಕಿ ತೊಳೆದ ನೀರು ತುಳಸಿಗೂ ಕರಿಬೇವಿನ ಗಿಡಕ್ಕೂ ಹೋಗಲಿ. ಬಟ್ಟೆ ಜಾಲಿಸಿದ ನೀರು ಅಂಗಳ ತೊಳೆಯಲು ಸಾಕು. ಇನ್ನು ಮಳೆ ನೀರು: ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಸಾವಿರ ಚದರ ಅಡಿಯ ಮಾಳಿಗೆಯ ಮೇಲೆ ಈ ಊರಿನ ಒಂದು ವರ್ಷದ ಮಳೆಯಲ್ಲಿ 80 ಸಾವಿರ ಲೀಟರಿಗೂ ಹೆಚ್ಚು ನೀರು ಬೀಳುತ್ತದೆ. ಅದನ್ನು ಹಿಡಿಯುವ ಬಗೆಯನ್ನು ತೋರಿಸುವುದಕ್ಕೆಂದೇ ನಿಮ್ಮ ಜಯನಗರ ಐದನೆಯ ಬ್ಲಾಕಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಮಳೆನೀರು ಕೊಯ್ಲು ಉದ್ಯಾನವಿದೆ. ನಿಮ್ಮಲ್ಲಿ ಎಷ್ಟು ಮಂದಿ ಅದರೊಳಗೆ ಕಾಲಿಟ್ಟಿದ್ದೀರಿ?

ಎರಡನೆಯದು ವಿದ್ಯುತ್ತು. 60 ವ್ಯಾಟಿನ ಹಳೆಯ ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್. ಅಷ್ಟೇ ಬೆಳಕು ಕೊಡುವ 9 ವ್ಯಾಟಿನ ಎಲ್‌ಇಡಿ ಬಲ್ಬಿಗೆ ಒಂದೂವರೆ ಯೂನಿಟ್ಟೂ ಬೇಡ. 2,000 ವ್ಯಾಟಿನ ಗೀಸರು ಅರ್ಧ ಗಂಟೆ ನೀರು ಕಾಯಿಸಿದರೆ ಒಂದು ಯೂನಿಟ್ ಮುಗಿಯಿತು. ಮನೆಮಂದಿಯೆಲ್ಲ ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿದರೆ ಕಾದ ನೀರು ಆರಿ ಮತ್ತೆ ಕಾಯಿಸುವ ಪ್ರಸಂಗ ಬರುವುದಿಲ್ಲ. 2023ರಲ್ಲಿ ಆರಂಭವಾದ ಗೃಹಜ್ಯೋತಿಯಿಂದ ನಮಗೆ ಬಿಲ್ಲೇ ಬಾರದು, ಉಳಿಸಿ ಏನು ಫಲ ಎಂದು ಭಕ್ತರೊಬ್ಬರು ಕೇಳಿದರು. ಆ ಯೋಜನೆಗೂ 200 ಯೂನಿಟ್ಟಿನ ಮಿತಿಯಿದೆ. ಮಿತಿ ಇಲ್ಲದಿದ್ದರೂ ನಾವು ಕೇಳುವುದು ಇಷ್ಟೇ: ಊಟಕ್ಕೆ ಕರೆದವರ ಮನೆಯಲ್ಲಿ ಅನ್ನ ಪುಕ್ಕಟೆಯೆಂದು ಎಲೆಯಲ್ಲಿ ಬಿಟ್ಟು ಏಳುತ್ತೀರಾ? ನಾವು ಕೊಡದ ಹಣವನ್ನು ಬೇರೆ ಯಾರೋ ಕೊಟ್ಟಿರುತ್ತಾರೆ.

ಮೂರನೆಯದು ಒಲೆ. ಇದನ್ನು ನಾವು ತಾಯಂದಿರಿಗೆ ಕಲಿಸಹೊರಟರೆ ನಗೆಗೀಡಾದೇವು. ಆದರೂ ಹೊಸದಾಗಿ ಸಂಸಾರ ಹೂಡಿದ ಮಕ್ಕಳಿಗಾಗಿ ಹೇಳುತ್ತೇವೆ. ಕಡಲೆ, ಹುರುಳಿ, ಅವರೆಕಾಳುಗಳನ್ನು ರಾತ್ರಿಯೇ ನೆನೆಹಾಕಿ. ಕುಕ್ಕರು ಒಮ್ಮೆ ಕೂಗಿದ ಮೇಲೆ ಉರಿಯನ್ನು ತಗ್ಗಿಸಿ. ಪಾತ್ರೆಗೆ ಮುಚ್ಚಳ ಮುಚ್ಚಿ. ಜ್ವಾಲೆ ಹಳದಿಯಾದರೆ ಬರ್ನರನ್ನು ಶುಚಿಮಾಡಿ. ನೀಲಿ ಜ್ವಾಲೆಯೇ ಸರಿಯಾದ ಜ್ವಾಲೆ. ಸಾರಕ್ಕಿ ಮಾರುಕಟ್ಟೆಗೆ ಹೋಗುವ ಮೊದಲು ಮನೆಯಲ್ಲಿ ಏನಿದೆಯೆಂದು ನೋಡಿ ಚೀಟಿ ಬರೆಯಿರಿ. ಅಗ್ಗವೆಂದು ತಂದು ಕೊಳೆಸಿದ ತರಕಾರಿಯೇ ಎಲ್ಲಕ್ಕಿಂತ ದುಬಾರಿ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ ಹಾಪ್‌ಕಾಮ್ಸಿನ ಅಂಗಡಿಗಳಲ್ಲಿ ಬೆಲೆಯನ್ನು ಹಲಗೆಯ ಮೇಲೆ ಬರೆದಿರುತ್ತಾರೆ. ಅಲ್ಲಿ ಯಾರೂ ಚೌಕಾಶಿ ಮಾಡುವುದಿಲ್ಲ. ಬಿಸಿಲಿನಲ್ಲಿ ನಿಂತ ಸೊಪ್ಪಿನವಳೊಡನೆ ಮಾತ್ರ ಏಕೆ ಮಾಡಬೇಕು?

ನಮ್ಮ ಮಠದ ತಪ್ಪನ್ನು ಹೇಳುತ್ತೇವೆಂದೆವು. ಕೆಲವು ವರ್ಷಗಳ ಹಿಂದೆ ಒಂದು ಜಾತ್ರೆಯ ಮರುದಿನ ನಾವು ದಾಸೋಹ ಮಂದಿರದ ಹಿಂಭಾಗಕ್ಕೆ ಹೋದೆವು. ಎಲೆಗಳಲ್ಲಿ ಉಳಿದ ಅನ್ನವು ರಾಶಿಯಾಗಿ ಬಿದ್ದಿತ್ತು. ಭಕ್ತರು ಹೊಲದಿಂದ ಹೊತ್ತು ತಂದ ಅಕ್ಕಿ ಅದು. ಆ ದಿನ ನಮಗೆ ಪ್ರಸಾದ ಸೇರಲಿಲ್ಲ. ಬಡಿಸುವವರು ಕೇಳದೆಯೇ ರಾಶಿ ಹಾಕುವುದನ್ನು ನಾವೇ ಭಕ್ತಿಯೆಂದು ತಿಳಿದು ಮೆಚ್ಚಿಕೊಂಡಿದ್ದೆವು. ಅಂದಿನಿಂದ ಮೊದಲು ಸ್ವಲ್ಪ ಬಡಿಸಿ, ಕೇಳಿದಷ್ಟು ಸಲ ಮತ್ತೆ ಬಡಿಸುವ ಪದ್ಧತಿಯನ್ನು ತಂದೆವು. ಯಾರೂ ಹಸಿದು ಏಳಲಿಲ್ಲ. ಅಕ್ಕಿಯ ಚೀಲಗಳು ಮಾತ್ರ ಉಳಿಯತೊಡಗಿದವು. ಇದು ಒಳ್ಳೆಯ ಉಳಿತಾಯ. ಏಕೆಂದರೆ ಇದು ಯಾರ ಪಾಲಿನಿಂದಲೂ ಕಿತ್ತದ್ದಲ್ಲ.

ಇನ್ನೊಂದು ಮಾತು. ಇದು ಕಹಿಯಾದರೂ ಹೇಳದೆ ಬಿಡುವಂತಿಲ್ಲ. ಖರ್ಚು ಹೆಚ್ಚಾಯಿತೆಂದಾಗ ನಮ್ಮ ಕೈ ಮೊದಲು ಹೋಗುವುದು ಮನೆಕೆಲಸದವಳ ಸಂಬಳದ ಕಡೆಗೆ. ಜ್ವರವೆಂದು ಎರಡು ದಿನ ಬಾರದಿದ್ದರೆ ಹಣ ಹಿಡಿಯುತ್ತೇವೆ. ಹೀಗೆ ಉಳಿದ ನೂರು ರೂಪಾಯಿ ಆಕೆಯ ಮಗುವಿನ ಹಾಲಿನಿಂದ ಉಳಿದದ್ದು. ಅದನ್ನು ಉಳಿತಾಯವೆಂದು ಬರೆದರೆ ಲೆಕ್ಕದ ಪುಸ್ತಕವೇ ಸುಳ್ಳು ಹೇಳಿದಂತೆ. ಕಾಯಕಕ್ಕೆ ಗೌರವ ಕೊಟ್ಟ ಶರಣರ ಹೆಸರು ಹೇಳಿಕೊಳ್ಳುವ ನಾವು, ನಮ್ಮ ಪಾತ್ರೆ ತೊಳೆಯುವ ಕಾಯಕದವಳ ಕೂಲಿಯನ್ನು ಕಡಿಯಬಹುದೇ?

ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎಂಬ ಗಾದೆ ನಿಮಗೆ ಗೊತ್ತೇ ಇದೆ. ಅಂಚೆ ಕಚೇರಿಯಲ್ಲಿ ತಿಂಗಳಿಗೆ 100 ರೂಪಾಯಿಯಿಂದಲೇ ಐದು ವರ್ಷದ ಆವರ್ತ ಠೇವಣಿಯನ್ನು ಆರಂಭಿಸಬಹುದು. 60 ತಿಂಗಳಿಗೆ ಅಸಲೇ 6,000 ರೂಪಾಯಿ, ಬಡ್ಡಿ ಬೇರೆ. ಮಕ್ಕಳ ವಿದ್ಯೆಗೆ, ರೋಗರುಜಿನಕ್ಕೆ ಅದು ಇರಲಿ. ಸಾಲಗಾರನ ಬಾಗಿಲಿಗೆ ಹೋಗುವ ಗತಿ ಬಾರದಿರಲಿ. ಅದರೊಡನೆ ಅಡುಗೆಮನೆಯಲ್ಲಿ ಇನ್ನೊಂದು ಚಿಕ್ಕ ಡಬ್ಬಿಯನ್ನು ಇಡಿ. ದಿನವೂ ಅನ್ನಕ್ಕೆ ಅಳೆದ ಅಕ್ಕಿಯಿಂದ ಒಂದು ಹಿಡಿಯನ್ನು ಅದಕ್ಕೆ ಹಾಕಿ. ತಿಂಗಳ ಕೊನೆಗೆ ಅದನ್ನು ಮಠಕ್ಕೆ ತರಬೇಡಿ. ನಿಮ್ಮ ಬೀದಿಯಲ್ಲಿಯೇ ಒಲೆ ಹೊತ್ತದ ಮನೆ ಯಾವುದೆಂದು ನೋಡಿ, ಅಲ್ಲಿಗೆ ಸದ್ದಿಲ್ಲದೆ ಮುಟ್ಟಿಸಿ. ದಾಸೋಹಕ್ಕೆ ದೊಡ್ಡ ಮಂದಿರವೇ ಬೇಕೆಂದಿಲ್ಲ.

ನಾಳೆ ಬೆಳಿಗ್ಗೆ ಸೊಪ್ಪಿನ ತಾಯಿ ನಿಮ್ಮ ಬಾಗಿಲಿಗೆ ಬಂದಾಗ, ಮೊದಲು ಮಾಳಿಗೆಯ ಕಡೆಗೆ ಒಮ್ಮೆ ನೋಡಿ, ಮೋಟಾರನ್ನು ನಿಲ್ಲಿಸಿ. ಆಮೇಲೆ ಆಕೆ ಕೇಳಿದ ಬೆಲೆಯನ್ನು ಕೊಟ್ಟು, ಕುಡಿಯಲು ಒಂದು ಲೋಟ ನೀರನ್ನೂ ಕೊಡಿ. ಅಷ್ಟಾದರೆ ನಮ್ಮ ಇಂದಿನ ಪಾದಪೂಜೆ ಸಾರ್ಥಕವಾಯಿತೆಂದು ತಿಳಿಯುತ್ತೇವೆ. ನಿಮ್ಮೆಲ್ಲರ ಮನೆಗಳಲ್ಲಿ ಸಾಕೆಂಬ ತೃಪ್ತಿಯೂ ಕೊಡುವ ಕೈಯೂ ಇರಲೆಂದು ಹಾರೈಸುತ್ತೇವೆ.

ಸರ್ವರಿಗೂ ಮಂಗಳವಾಗಲಿ.