ಶರತ್ಕಾಲದ ತಿಳಿನೀರು



ಇಂಗ್ಲೀಷರ ಎಣಿಕೆಯಲ್ಲಿ ವರ್ಷಕ್ಕೆ ನಾಲ್ಕೇ ಋತುಗಳು. ಬೇಸಗೆ ಮುಗಿದೊಡನೆ ಶರತ್ಕಾಲ. ನಮ್ಮ ಪಂಚಾಂಗದಲ್ಲಿ ಋತುಗಳು ಆರು. ಗ್ರೀಷ್ಮಕ್ಕೂ ಶರತ್ತಿಗೂ ನಡುವೆ ವರ್ಷಋತುವಿದೆ. ಬಿಸಿಲಿನಿಂದ ತಂಪಿಗೆ ಹೋಗಬೇಕಾದವನು ಗುಡುಗನ್ನೂ ಕೆಸರನ್ನೂ ಕದಡಿದ ನೀರನ್ನೂ ದಾಟಿಯೇ ಹೋಗಬೇಕು. ಹೊಲಕ್ಕೆ ಸಲ್ಲುವ ಈ ಮಾತು ಒಂದು ಊರಿನ ನೆನಪುಗಳಿಗೂ ಸಲ್ಲುತ್ತದೆ. ಕಲಬುರಗಿಯನ್ನು ನಿದರ್ಶನವಾಗಿಟ್ಟುಕೊಂಡು ಇದನ್ನು ತಮ್ಮ ಮುಂದೆ ವಿವರಿಸಬೇಕೆಂದಿದ್ದೇನೆ.

ಕಲಬುರಗಿಯ ಬೇಸಗೆ ಹೆಸರಾದುದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿಯನ್ನು ದಾಟುವುದು ಅಲ್ಲಿ ವಿಶೇಷವಲ್ಲ. ಆ ಎರಡು ತಿಂಗಳು ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಗ್ಗೆ 8 ಗಂಟೆಯಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸುವ ಪದ್ಧತಿಯುಂಟು. ಈ ನಗರದಲ್ಲಿ ಸೂಪರ್ ಮಾರ್ಕೆಟ್ ಎಂಬ ಪೇಟೆಯಿದೆ. ಹೆಸರನ್ನು ಕೇಳಿ, ಗಾಜಿನ ಬಾಗಿಲಿನ ಒಂದು ದೊಡ್ಡ ಅಂಗಡಿಯೆಂದು ಯಾರೂ ಭಾವಿಸಬಾರದು. ಸಾಲು ಅಂಗಡಿಗಳೂ ತಳ್ಳುಗಾಡಿಗಳೂ ಬುಟ್ಟಿಯಿಟ್ಟು ಕುಳಿತವರೂ ಸೇರಿ ಆದ ಬಜಾರು ಅದು. ಪಂಚಾಂಗವನ್ನು ನೋಡದೆಯೇ ಅಲ್ಲಿ ಋತುವನ್ನು ಗುರುತಿಸಬಹುದು. ಕಲ್ಲಂಗಡಿಯೂ ಮಣ್ಣಿನ ಗಡಿಗೆಯೂ ಹೋಗಿ ಛತ್ರಿ, ತಾಡಪತ್ರಿಗಳು ಬಂದರೆ ಮಳೆಗಾಲ. ಛತ್ರಿಗಳು ಒಳಗೆ ಸರಿದು ಹಬ್ಬದ ಬಟ್ಟೆ, ಚೆಂಡುಹೂವು, ಬನ್ನಿ ಬಂದರೆ ಶರತ್ತು.

ಪೇಟೆಯ ಸರಕು ತಿಂಗಳಿಗೊಮ್ಮೆ ಬದಲಾದರೂ ಪೇಟೆಗೆ ಜೀವ ಕೊಡುವ ಬೆಳೆ ಅಷ್ಟು ಬೇಗ ಬದಲಾಗುವುದಿಲ್ಲ. ಮೃಗಶಿರಾ, ಆರಿದ್ರಾ ಮಳೆಗಳಿಗೆ ಬಿತ್ತಿದ ತೊಗರಿ ಇಡೀ ಮಳೆಗಾಲವನ್ನು ಹೊಲದಲ್ಲೇ ಕಳೆದು, ಶರತ್ಕಾಲ ಬಂದ ಮೇಲೆ ಹಳದಿ ಹೂವು ಬಿಡುತ್ತದೆ; ಕಾಳು ಕೈಸೇರುವುದು ಚಳಿಗಾಲದಲ್ಲಿ. 2019ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಕಲಬುರಗಿಯ ತೊಗರಿಬೇಳೆ ಇದೇ. ಹುಮನಾಬಾದಿನ ದಾರಿಯಲ್ಲಿರುವ ಕಮಲಾಪುರದ ಕೆಂಪು ಬಾಳೆಗೂ ಅಂತಹ ಗುರುತುಂಟು. ಆ ಬಾಳೆಯ ತಾಳ್ಮೆ ಇನ್ನೂ ದೊಡ್ಡದು. ನೆಟ್ಟ ಗಿಡ ಗೊನೆ ಕೊಡಲು ವರ್ಷಕ್ಕೂ ಮಿಕ್ಕಿದ ಕಾಲ ಬೇಕು. ಆರು ಋತುಗಳನ್ನೂ ಕಾಣದೆ ಆ ಹಣ್ಣಿಗೆ ಬಣ್ಣವಿಲ್ಲ.

ಇನ್ನು ನೀರಿನ ಮಾತು. ಮಳೆಗಾಲದಲ್ಲಿ ಕದಡಿದ ನೀರು ಅಗಸ್ತ್ಯ ನಕ್ಷತ್ರದ ಉದಯದಿಂದ ತಿಳಿಯಾಗುತ್ತದೆಂದು ನಮ್ಮ ಹಿಂದಿನ ಕವಿಗಳು ನಂಬಿದ್ದರು. ಕಾರಣವೇನೇ ಇರಲಿ, ಅವರು ಕಂಡದ್ದು ನಿಜ. ಪ್ರವಾಹ ಇಳಿದ ಮೇಲೆ ಮಣ್ಣು ತಳಕ್ಕೆ ಕೂರುತ್ತದೆ; ಆಗ ತಳದಲ್ಲಿ ಏನಿದೆಯೆಂಬುದು ಕಣ್ಣಿಗೆ ಬೀಳುತ್ತದೆ. ತಿಳಿನೀರು ತಳವನ್ನು ಮರೆಸುವುದಿಲ್ಲ, ತೋರಿಸುತ್ತದೆ.

ಈ ಸೀಮೆಯ ಜನರು ಮರೆಯಲಾರದ ಒಂದು ಗ್ರೀಷ್ಮ, ಒಂದು ಶರತ್ತು 1948ಕ್ಕೆ ಸೇರಿದವು. 1947ರ ಆಗಸ್ಟ್ 15ರಂದು ದೇಶಕ್ಕೆ ಸ್ವಾತಂತ್ರ್ಯ ಬಂದಾಗ ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳು ನಿಜಾಮರ ಹೈದರಾಬಾದು ಸಂಸ್ಥಾನದಲ್ಲೇ ಉಳಿದುವು. ರಜಾಕಾರರ ಹಾವಳಿ ಹೆಚ್ಚಿತು. 1948ರ ಮೇ ತಿಂಗಳಲ್ಲಿ, ಅಂದರೆ ಬಿಸಿಲಿನ ಉತ್ಕಟ ಕಾಲದಲ್ಲಿ, ಬೀದರ ಜಿಲ್ಲೆಯ ಗೋರಟ ಗ್ರಾಮದಲ್ಲಿ ಅಮಾಯಕರ ಕೊಲೆ ನಡೆಯಿತು. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮರು ಶರಣಾದರು. ಆಗ ಭಾದ್ರಪದ ಮಾಸ, ಶರತ್ತಿನ ಹೊಸ್ತಿಲು. ದೇಶದ ಉಳಿದ ಭಾಗ ಒಂದು ದಿನದಲ್ಲಿ ಕಂಡ ಸ್ವಾತಂತ್ರ್ಯವನ್ನು ಈ ಜನ ಹದಿಮೂರು ತಿಂಗಳು ಕಾದು ಕಂಡರು. ಆ ದಿನವನ್ನು ಈಗಲೂ ಅವರು ಹಬ್ಬದಂತೆ ಆಚರಿಸುವುದು ನ್ಯಾಯವೇ ಸರಿ.

ಆದರೆ ನೆನಪು ಅಲ್ಲಿಗೇ ನಿಲ್ಲಬಾರದು. ಸೈನಿಕ ಕಾರ್ಯಾಚರಣೆಯ ದಿನಗಳಲ್ಲೂ ಅದರ ಬೆನ್ನಿಗೂ ಸಂಸ್ಥಾನದ ಅನೇಕ ಕಡೆ ಮುಸಲ್ಮಾನರ ಮೇಲೆ ಸೇಡಿನ ಹಿಂಸೆ ನಡೆಯಿತು. ಇದನ್ನು ಪರಿಶೀಲಿಸಲು ಭಾರತ ಸರ್ಕಾರವೇ ಪಂಡಿತ ಸುಂದರಲಾಲರ ನೇತೃತ್ವದಲ್ಲಿ ಒಂದು ನಿಯೋಗವನ್ನು ಕಳುಹಿಸಿತು. ಸಂಸ್ಥಾನದಲ್ಲಿ 27,000ದಿಂದ 40,000 ಜನರು ಸತ್ತಿರಬಹುದೆಂದು ಅವರು ಅಂದಾಜು ಮಾಡಿದರು. ಅತ್ಯಂತ ಹೆಚ್ಚಾಗಿ ನೊಂದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದು, ನಾಂದೇಡಗಳೊಡನೆ ಕಲಬುರಗಿ, ಬೀದರಗಳೂ ಸೇರಿದ್ದುವು. ಆ ವರದಿ ದಶಕಗಳ ಕಾಲ ಪ್ರಕಟವಾಗದೆ ಉಳಿಯಿತು. ಗೋರಟದ ಬೇಸಗೆಯನ್ನು ನೆನೆದು ಆ ಶರತ್ತನ್ನು ಮರೆಯುವುದಾಗಲಿ, ಆ ಶರತ್ತನ್ನು ನೆನೆದು ಗೋರಟದ ಬೇಸಗೆಯನ್ನು ಮರೆಯುವುದಾಗಲಿ, ವರ್ಷದಲ್ಲಿ ಒಂದೇ ಋತುವುಂಟೆಂದು ಹೇಳಿದಂತೆ.

ಅದೇ ವರದಿಯಲ್ಲಿ ಇನ್ನೊಂದು ಸಂಗತಿಯಿದೆ. ಒಂದೇ ಕಸುಬಿನವರಲ್ಲಿ ಪರಸ್ಪರ ಅಭಿಮಾನ ಹೆಚ್ಚಾಗಿ ಕಂಡುಬಂದಿತಂತೆ. ಕೆಲವೆಡೆ ಹಿಂದೂ ನೇಕಾರರು ಮುಸಲ್ಮಾನ ನೇಕಾರರನ್ನು ತಮ್ಮ ಜೀವದ ಹಂಗನ್ನೂ ತೊರೆದು ಕಾಪಾಡಿದರಂತೆ. ಮಗ್ಗ, ನೂಲು, ಸಂತೆ ಇವು ಕಟ್ಟಿದ ನಂಟು ಅಂತಹ ದಿನಗಳಲ್ಲೂ ಕೆಲವೆಡೆ ಹರಿಯಲಿಲ್ಲ. ಪೇಟೆಯನ್ನು ಬರಿಯ ಲಾಭದ ಸ್ಥಳವೆಂದು ಹಗುರಾಗಿ ಕಾಣುವವರು ಇದನ್ನು ಯೋಚಿಸಬೇಕು. ಬಂದೇ ನವಾಜರ ದರ್ಗಾಕ್ಕೆ ನಡೆದುಕೊಳ್ಳುವವರೂ ಶರಣಬಸವೇಶ್ವರರ ತೇರಿಗೆ ಕೈಮುಗಿಯುವವರೂ ಒಂದೇ ಬುಟ್ಟಿಯ ಹಣ್ಣಿಗೆ ಚೌಕಾಸಿ ಮಾಡುವುದು ಸಣ್ಣ ಸಂಗತಿಯಲ್ಲ.

ಆಮೇಲೆ ಬದಲಾವಣೆಗಳು ಬಹಳ ಬಂದುವು. 1956ರ ನವೆಂಬರ್ 1ರಂದು ಈ ಜಿಲ್ಲೆಗಳು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದುವು. 2014ರಲ್ಲಿ ಗುಲ್ಬರ್ಗಾ ಎಂಬ ಹೆಸರು ಅಧಿಕೃತವಾಗಿ ಕಲಬುರಗಿಯಾಯಿತು. 2019ರಲ್ಲಿ ಹೈದರಾಬಾದು ಕರ್ನಾಟಕವು ಕಲ್ಯಾಣ ಕರ್ನಾಟಕವಾಯಿತು. ಹೆಸರು ಹೊಸದಾದರೂ ನುಡಿಯೊಳಗೆ ಹಳೆಯದು ಉಳಿದಿದೆ. ಅಲ್ಲಿಯ ಕನ್ನಡಿಗರು ದುಕಾನಕ್ಕೆ ಹೋಗುತ್ತಾರೆ, ಶಹಾಬಾದದ ಫರಸಿಯ ಮೇಲೆ ಕೂರುತ್ತಾರೆ. ಈ ಮಾತುಗಳನ್ನು ಆರಿಸಿ ತೆಗೆದರೆ ಅವರ ಕನ್ನಡ ಶುದ್ಧವಾಗುವುದಿಲ್ಲ, ಬಡವಾಗುತ್ತದೆ.

ಮಹಾನವಮಿಯ ಮರುದಿನ ಆ ಸೀಮೆಯಲ್ಲಿ ಜನರು ಬನ್ನಿಯ ಎಲೆಯನ್ನು ಕೈಗೆ ಕೊಟ್ಟು, ಬಂಗಾರದಂತೆ ಇರೋಣವೆಂದು ಹೇಳಿಕೊಳ್ಳುವುದುಂಟು. ವರ್ಷವೆಲ್ಲ ಮಾತು ಬಿಟ್ಟಿದ್ದವರೂ ಅಂದು ಎಲೆಯನ್ನು ನೀಡುತ್ತಾರೆ. ಜಗಳದ ಕಾರಣ ಅವರಿಗೆ ಮರೆತಿರುವುದಿಲ್ಲ. ಮರೆಯಬೇಕೆಂಬ ಕಟ್ಟಳೆಯೂ ಇಲ್ಲ. ತಿಳಿದಿದ್ದೂ ಕೈ ನೀಡುವುದರಲ್ಲಿಯೇ ಆ ಎಲೆಯ ಬೆಲೆಯಿದೆ.

ಈ ಶರತ್ತಿನಲ್ಲಿ ತಾವು ಬನ್ನಿಯನ್ನು ಕೊಳ್ಳುವಾಗ, ಅದನ್ನು ಮಾರುವವರ ಮನೆಯಲ್ಲೂ 1948ರ ನೆನಪೊಂದು ಇದ್ದಿರಬಹುದೆಂದು ಯೋಚಿಸಿದರೆ ಸಾಕು. ಆ ನೆನಪನ್ನು ಕೇಳುವ ವ್ಯವಧಾನವೂ ತಮಗೆ ಒದಗಲೆಂದು ಹಾರೈಸಿ ನನ್ನ ಭಾಷಣವನ್ನು ಮುಗಿಸುತ್ತೇನೆ.