ಎಲ್ಲರೂ ಡೈರೆಕ್ಟರಾದರೆ ಹುಂಜ ಹಿಡಿಯೋರು ಯಾರು?

ಕಾಲೇಜಿನ ನಾಲ್ಕಾರು ಗೆಳೆಯರು ಶಾರ್ಟ್ ಫಿಲ್ಮ್ ಮಾಡೋಣ ಅಂತ ಕೂತರೆ ಮೊದಲು ಬರೋ ಪ್ರಶ್ನೆ ಕ್ಯಾಮೆರಾ ಯಾವುದು ಅಂತ, ಎರಡನೆಯದು ಡೈರೆಕ್ಟರ್ ಯಾರು ಅಂತ. ಮಿಕ್ಕವರೆಲ್ಲ ‘ಟೀಮ್’. ವಿದ್ಯಾರ್ಥಿಗಳ ಸಿನಿಮಾ ಕೆಡೋದು ಹೆಚ್ಚಾಗಿ ಈ ‘ಮಿಕ್ಕವರು’ ಅನ್ನೋ ಜಾಗದಲ್ಲೇ ಅನ್ನೋದು ನನ್ನ ವಾದ. ಸೌಂಡ್, ಎಡಿಟಿಂಗ್, ಪ್ರೊಡಕ್ಷನ್ ನೋಡಿಕೊಳ್ಳೋರಿಗೆ ಕೆಲಸ ಹಂಚಿದರೆ ಸಾಲದು. ತಮ್ಮ ವಿಭಾಗದ ಮಟ್ಟಿಗೆ ‘ಇದು ಆಗಲ್ಲ’ ಅನ್ನೋ ಅಧಿಕಾರವನ್ನೂ ಕೊಡಬೇಕು. ಆ ಮಾತು ಸೆಟ್‌ನಲ್ಲಿ ಬರೋ ಬದಲು ಶೂಟಿಂಗಿಗೆ ಮೊದಲೇ ಬರೋ ಹಾಗೆ ಮಾಡೋದೇ ಪ್ಲಾನಿಂಗ್.

ನಮ್ಮದೇ ಭಾಷೆಯ ಉದಾಹರಣೆ ನೋಡಿ. 2024ರ ಕಾನ್ ಚಿತ್ರೋತ್ಸವದಲ್ಲಿ, ಸಿನಿಮಾ ಶಾಲೆಗಳ ವಿದ್ಯಾರ್ಥಿಗಳಿಗೇ ಮೀಸಲಾದ ‘ಲಾ ಸಿನೆಫ್’ ವಿಭಾಗದ ಮೊದಲ ಬಹುಮಾನ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ ಎಂಬ ಕನ್ನಡ ಕಿರುಚಿತ್ರಕ್ಕೆ ಬಂತು. ಅಜ್ಜಿ ಹುಂಜ ಹೊತ್ತೊಯ್ದು ಊರಿಗೆ ಬೆಳಕೇ ಹರಿಯದ, ನಮಗೆಲ್ಲ ಗೊತ್ತಿರೋ ಜನಪದ ಕಥೆ. ಪತ್ರಿಕೆಗಳು ನಿರ್ದೇಶಕ ಚಿದಾನಂದ ನಾಯ್ಕ್ ಅವರ ಬಗ್ಗೆ ಬರೆದವು, ಅದು ಸರಿಯೇ. ಆದರೆ ಆ ಚಿತ್ರ ಹುಟ್ಟಿದ್ದು ಪುಣೆಯ ಸಿನಿಮಾ ಶಾಲೆ ಎಫ್‌ಟಿಐಐನ ಒಂದು ವರ್ಷದ ಟಿವಿ ಕೋರ್ಸಿನ ಕೊನೆಯ ಅಭ್ಯಾಸವಾಗಿ. ಅಲ್ಲಿನ ನಿಯಮವೇ ನಿರ್ದೇಶನ, ಛಾಯಾಗ್ರಹಣ, ಸಂಕಲನ, ಧ್ವನಿ ವಿಭಾಗಗಳ ನಾಲ್ವರು ಸೇರಿ ಒಂದು ಸಿನಿಮಾ ಮಾಡಬೇಕು ಅಂತ. ಕ್ಯಾಮೆರಾ ಸೂರಜ್ ಠಾಕೂರ್, ಸಂಕಲನ ಮನೋಜ್ ವಿ., ಧ್ವನಿ ಅಭಿಷೇಕ್ ಕದಂ. ಚಿತ್ರದ ಅವಧಿ ಸುಮಾರು 16 ನಿಮಿಷ, ಚಿತ್ರೀಕರಣಕ್ಕೆ ಸಿಕ್ಕಿದ್ದು 4 ದಿನ. ಅಂದರೆ ದಿನಕ್ಕೆ ಸರಾಸರಿ ನಾಲ್ಕು ನಿಮಿಷದ ಸಿನಿಮಾ, ಅದೂ ಕತ್ತಲೆಯ ಕಥೆ.

ಇಂಥ ಕಥೆಯ ಒಂದು ಸಾಲನ್ನು ನಾವೇ ಬರೆದು ಬಿಡಿಸೋಣ: ‘ರಾತ್ರಿ, ಹೊರಾಂಗಣ. ಅಜ್ಜಿ ಹುಂಜ ಹಿಡಿದು ಓಣಿಯಲ್ಲಿ ಓಡುತ್ತಾಳೆ.’ ಬರೆಯೋದಕ್ಕೆ ಅರ್ಧ ನಿಮಿಷ. ಪ್ರೊಡಕ್ಷನ್‌ನವರು ಕೇಳಬೇಕು: ಹುಂಜ ಯಾರದು, ಅದು ಸುಸ್ತಾದರೆ ಅದೇ ಬಣ್ಣದ ಇನ್ನೊಂದು ಇದೆಯಾ, ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿಯ ಕಥೆ ಏನು? ಛಾಯಾಗ್ರಾಹಕರಿಗೆ ಲೈಟ್ ಬೇಕು, ಲೈಟಿಗೆ ಜನರೇಟರ್ ಬೇಕು. ಜನರೇಟರ್ ಶುರುವಾದರೆ ಸೌಂಡ್‌ನವರಿಗೆ ಅಜ್ಜಿಯ ಉಸಿರು ಕೇಳಲ್ಲ. ಅದನ್ನು ಓಣಿಯಾಚೆ ನಿಲ್ಲಿಸಬೇಕು, ಅಂದಮೇಲೆ ಅಷ್ಟುದ್ದದ ಕೇಬಲ್ ಬಾಡಿಗೆಗೆ ತರಬೇಕು. ಹುಂಜ ಯಾವ ಕಂಕುಳಲ್ಲಿತ್ತು ಅಂತ ಕಂಟಿನ್ಯುಟಿಯವರು ಬರೆದಿಡದಿದ್ದರೆ ಎಡಿಟಿಂಗ್ ಟೇಬಲ್‌ನಲ್ಲಿ ಅದು ಎಡದಿಂದ ಬಲಕ್ಕೆ ಹಾರುತ್ತೆ. ಇದನ್ನೆಲ್ಲ ಜೋಡಿಸಿ, ಓಣಿಯ ಶಾಟ್‌ಗಳನ್ನೆಲ್ಲ ಒಂದೇ ರಾತ್ರಿಗೆ ಹಾಕಿ, ಯಾರು ಎಷ್ಟು ಗಂಟೆಗೆ ಬರಬೇಕು, ಊಟ ಯಾವಾಗ ಅಂತ ಕಾಲ್‌ಶೀಟ್ ಬರೆಯೋರು ಅಸಿಸ್ಟೆಂಟ್ ಡೈರೆಕ್ಟರ್. ಈ ಬ್ರೇಕ್‌ಡೌನ್ ಕೂತು ಮಾಡಿದ ವಿದ್ಯಾರ್ಥಿಗೆ, ತಾನು ಬರೆದ ಒಂದು ಸಾಲಿನ ಬೆಲೆ ಏನು ಅಂತ ಗೊತ್ತಾಗುತ್ತೆ.

‘ಈಗ ಮೊಬೈಲ್ ಇದೆ, ಒಬ್ಬನೇ ಎಲ್ಲ ಮಾಡಬಹುದಲ್ಲ’ ಅಂತೀರಿ. ಮಾಡಬಹುದು. ರಾಬರ್ಟ್ ರೊಡ್ರಿಗೆಜ್ ‘ಎಲ್ ಮರಿಯಾಚಿ’ಯನ್ನು ಸುಮಾರು 7,000 ಡಾಲರ್‌ನಲ್ಲಿ ಹೆಚ್ಚುಕಡಿಮೆ ಒಬ್ಬರೇ ಮಾಡಿದರು, 1992ರಲ್ಲಿ ಅದು ತೆರೆಗೆ ಬಂತು. ಆದರೆ ಅವರು ಕಥೆ ಹೆಣೆದದ್ದೇ ಪುಕ್ಕಟೆಯಾಗಿ ಏನೇನು ಸಿಗುತ್ತೆ ಅಂತ ಲೆಕ್ಕ ಹಾಕಿ. ಕ್ಯಾಮೆರಾ ಸದ್ದು ಮಾಡುತ್ತಿದ್ದರಿಂದ ಶಾಟ್ ಮುಗಿದ ಮೇಲೆ ನಟರಿಂದ ಮಾತು ಮತ್ತೆ ಹೇಳಿಸಿ ಟೇಪ್ ಮಾಡಿಕೊಂಡರು, ತುಟಿ ಹೊಂದದ ಕಡೆ ಬೇರೆ ಶಾಟಿಗೆ ಕಟ್ ಮಾಡಿದರು. ಮನುಷ್ಯ ಒಬ್ಬನೇ ಆದರೂ ಪ್ರೊಡ್ಯೂಸರ್, ಸೌಂಡ್‌ನವರು, ಎಡಿಟರ್ ಮೂವರೂ ಅವನೊಳಗೆ ಜಗಳ ಆಡಲೇಬೇಕು. ಮೊದಲ ಸಲ ಸಿನಿಮಾ ಮಾಡೋನಿಗೆ ಆ ಜಗಳ ಬೇರೆಬೇರೆ ಜನರ ಬಾಯಲ್ಲಿ ಕೇಳಿದರೆ ಬೇಗ ತಲೆಗೆ ಹತ್ತುತ್ತೆ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಇಷ್ಟೆಲ್ಲ ಪ್ಲಾನ್ ಮಾಡಿದರೆ ಆ ಕ್ಷಣಕ್ಕೆ ಹೊಳೆಯೋದು ಸತ್ತುಹೋಗಲ್ವಾ? ಸತ್ಯಜಿತ್ ರೇ ಪೂರ್ಣ ಚಿತ್ರಕಥೆ ಇಲ್ಲದೆಯೇ ‘ಪಥೇರ್ ಪಾಂಚಾಲಿ’ ಶುರುಮಾಡಿದರಲ್ಲ? ನಿಜ, ಆದರೆ ಅವರ ಕೈಯಲ್ಲಿ ದೃಶ್ಯಗಳ ರೇಖಾಚಿತ್ರಗಳಿದ್ದವು. ಜೊತೆಗೆ ಆ ಚಿತ್ರದ ಕಾಶ್ ಹೂವಿನ ಬಯಲು ನೆನಪಿಸಿಕೊಳ್ಳಿ. ಒಂದು ಭಾನುವಾರ ಅಲ್ಲಿ ಶೂಟಿಂಗ್ ಮಾಡಿ ಮುಂದಿನ ವಾರ ಹೋದರೆ ದನಗಳು ಹೂವನ್ನೆಲ್ಲ ಮೇಯ್ದಿದ್ದವು. ಮತ್ತೆ ಹೂ ಬಿಡೋವರೆಗೆ ಕಾಯಬೇಕಾಯಿತು. 1952ರಲ್ಲಿ ಶುರುವಾದ ಚಿತ್ರ ತೆರೆ ಕಂಡದ್ದು 1955ರಲ್ಲಿ. ರೇ ಕಾದರು. ಸೆಮಿಸ್ಟರ್ ಕಾಯಲ್ಲ. ಹುಂಜ, ಕೇಬಲ್, ಊಟ ಮೊದಲೇ ತೀರ್ಮಾನ ಆಗಿದ್ದರೆ ಮಾತ್ರ ಓಣಿಯಲ್ಲಿ ಹೊಳೆದ ಹೊಸ ಶಾಟಿಗೆ ಹತ್ತು ನಿಮಿಷ ಉಳಿಯುತ್ತೆ.

ಹಾಗಾಗಿ ಸ್ಕ್ರಿಪ್ಟ್ ಕೈಗೆ ಬಂದ ದಿನ ಕ್ಯಾಮೆರಾ ಮಾತು ಬದಿಗಿಡಿ. ಪ್ರತಿಯೊಬ್ಬರೂ ತಮ್ಮ ವಿಭಾಗದಿಂದ ಒಂದೊಂದು ತೊಡಕು ಬರೆದು ತರಲಿ, ಡೈರೆಕ್ಟರ್ ಎಲ್ಲಕ್ಕೂ ಉತ್ತರ ಕೊಡಲಿ. ಎರಡನೇ ಸಿನಿಮಾಕ್ಕೆ ಕುರ್ಚಿ ಬದಲಾಯಿಸಿ, ಮೊದಲ ಸಲದ ಡೈರೆಕ್ಟರ್ ಬೂಮ್ ಹಿಡಿಯಲಿ. ಯಾರಾದರೂ ‘ನನ್ನ ಕಡೆಯಿಂದ ಏನೂ ತೊಂದರೆ ಇಲ್ಲ’ ಅಂದರೆ, ಅವರು ಸ್ಕ್ರಿಪ್ಟ್ ಓದಿಲ್ಲ ಅಂತಲೇ ಲೆಕ್ಕ.